ಒಗರು ರುಚಿಯಿಂದ ರಕ್ತನಾಳದವರೆಗೆ: ಪಾಲಿಫಿನಾಲ್ ಹೃದಯಕ್ಕೆ ನಿಜವಾಗಿ ಏನು ಮಾಡುತ್ತದೆ?

ಹಾಲು ಹಾಕದ ಕಡು ಟೀಯನ್ನು ಒಂದು ಗುಟುಕು ಕುಡಿಯಿರಿ. ನುಂಗುವ ಮುಂಚೆ ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ. ನಾಲಿಗೆ ದೊರಗಾಗುತ್ತದೆ. ಕೆನ್ನೆಯ ಒಳಭಾಗ ಬಿಗಿದ ಹಾಗಾಗುತ್ತದೆ. ಬಾಯಲ್ಲಿ ನೀರಿದ್ದರೂ ಬಾಯಿ ಒಣಗಿದೆ ಅನ್ನಿಸುತ್ತದೆ. ದ್ರಾಕ್ಷಿ ಬೀಜ ಅಗಿದಾಗ, ಹಣ್ಣಾಗದ ಕಾಯಿ ಕಚ್ಚಿದಾಗ ಆಗುವುದೂ ಇದೇ. ಇದಕ್ಕೆ ನಾವು ಒಗರು ಅನ್ನುತ್ತೇವೆ. ಟೀಯಲ್ಲಿರುವ ಕೆಲವು ಅಣುಗಳು ಜೊಲ್ಲಿನ ಪ್ರೋಟೀನ್‌ಗಳಿಗೆ ಅಂಟಿಕೊಂಡು ಅವನ್ನು ಗಂಟುಗಂಟಾಗಿಸುತ್ತವೆ. ಜೊಲ್ಲಿನ ಜಾರುವ ಗುಣ ಹೋಗುತ್ತದೆ. ಆ ಅಣುಗಳೇ ಪಾಲಿಫಿನಾಲ್‌ಗಳು.

ಇವು ಹೃದಯಕ್ಕೆ ಒಳ್ಳೆಯದು ಎಂದು ನೀವು ಎಲ್ಲಾದರೂ ಕೇಳಿಯೇ ಇರುತ್ತೀರಿ. ಡಾರ್ಕ್ ಚಾಕೊಲೇಟ್, ಗ್ರೀನ್ ಟೀ, ರೆಡ್ ವೈನ್, ಬೆರ್ರಿ ಹಣ್ಣು, ಎಲ್ಲದರ ಜೊತೆಗೂ ಈ ಮಾತು ಓಡಾಡುತ್ತದೆ. ಅದರಲ್ಲಿ ನಿಜ ಇದೆ. ಎಷ್ಟು ನಿಜ ಅಂತ ತಿಳಿಯಬೇಕಾದರೆ, ಪ್ರತಿ ಸಂಶೋಧನೆಯ ಮುಂದೆಯೂ ಒಂದೇ ಪ್ರಶ್ನೆ ಇಡಬೇಕು: ಅಳೆದದ್ದು ಎಲ್ಲಿ? ಗಾಜಿನ ಕೊಳವೆಯಲ್ಲಾ, ರಕ್ತದಲ್ಲಾ, ರಕ್ತನಾಳದಲ್ಲಾ? ಅಥವಾ ಎಷ್ಟು ಜನಕ್ಕೆ ಹೃದಯಾಘಾತ ಆಯಿತು ಅಂತ ಎಣಿಸಿಯೇ ನೋಡಿದರಾ? ಈ ಒಂದು ಪ್ರಶ್ನೆ ಕೈಯಲ್ಲಿದ್ದರೆ ಅರ್ಧ ಗೊಂದಲ ಕಳೆಯುತ್ತದೆ.

ಓಡಲಾರದ ಗಿಡದ ಉಪಾಯ

ಗಿಡಕ್ಕೆ ಕಾಲಿಲ್ಲ. ಬಿಸಿಲು ಜಾಸ್ತಿಯಾದರೆ ನೆರಳಿಗೆ ಹೋಗಲಾರದು, ಹುಳ ಹತ್ತಿದರೆ ಕೊಡವಿಕೊಳ್ಳಲಾರದು. ಹಾಗಾಗಿ ತನಗೆ ಬೇಕಾದ ರಕ್ಷಣೆಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ನೇರಳಾತೀತ ಕಿರಣ ತಡೆಯಲು ಕೆಲವು ಅಣುಗಳು, ಎಲೆ ಮೇಯುವ ಪ್ರಾಣಿಯ ಬಾಯಿ ಒಗರಾಗಿಸಿ ಓಡಿಸಲು ಕೆಲವು, ಬೂಷ್ಟು ಹಿಡಿಯದಂತೆ ಕೆಲವು, ದುಂಬಿಗೆ ಬಣ್ಣ ತೋರಿಸಿ ಕರೆಯಲು ಕೆಲವು. ಬೆರ್ರಿಗಳ ಕೆಂಪು-ನೀಲಿ ಬಣ್ಣ ಆಂಥೋಸಯನಿನ್. ಈರುಳ್ಳಿಯಲ್ಲಿರುವುದು ಕ್ವೆರ್ಸಿಟಿನ್. ಕೋಕೋ ಮತ್ತು ಟೀಯಲ್ಲಿ ಫ್ಲೇವನಾಲ್, ಕಾಫಿಯಲ್ಲಿ ಕ್ಲೋರೋಜೆನಿಕ್ ಆಮ್ಲ, ಸೋಯಾದಲ್ಲಿ ಐಸೋಫ್ಲೇವೋನ್. ಹೀಗೆ ಗುರುತಿಸಿರುವ ಪಾಲಿಫಿನಾಲ್‌ಗಳ ಸಂಖ್ಯೆ 8,000 ದಾಟುತ್ತದೆ.

ಆದ್ದರಿಂದ ‘ಪಾಲಿಫಿನಾಲ್ ಒಳ್ಳೆಯದಾ’ ಎಂದು ಕೇಳುವುದು, ‘ಲೋಹ ಮೈಗೆ ಒಳ್ಳೆಯದಾ’ ಎಂದು ಕೇಳಿದ ಹಾಗೆ. ಕಬ್ಬಿಣ ಬೇಕು, ಸೀಸ ಬೇಡ. ಇದೊಂದು ದೊಡ್ಡ ಮನೆತನದ ಹೆಸರು. ಒಳಗಿರುವ ಒಬ್ಬೊಬ್ಬರ ಸ್ವಭಾವವೂ ಬೇರೆ.

ಹೃದಯ ಮತ್ತು ರಕ್ತನಾಳದ ಜೊತೆಗೆ ಇವುಗಳ ಹೆಸರು ಕೇಳಿಬಂದದ್ದು ಈಚೆಗೇನಲ್ಲ. 1936ರಲ್ಲಿ ಹಂಗೇರಿಯ ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಮತ್ತು ಅವರ ಜೊತೆಗಾರರು, ಸಣ್ಣ ರಕ್ತನಾಳಗಳು ಸೋರದಂತೆ ತಡೆಯುವ ಗುಣ ನಿಂಬೆ ಜಾತಿಯ ಹಣ್ಣಿನ ಸಾರಕ್ಕಿದೆ ಎಂದರು. ಅದಕ್ಕೆ ‘ವಿಟಮಿನ್ ಪಿ’ ಎಂದು ಹೆಸರಿಟ್ಟರು. ಹೆಸರು ಬಹಳ ಕಾಲ ನಿಲ್ಲಲಿಲ್ಲ. ವಿಟಮಿನ್ ಸಿ ಸಿಗದಿದ್ದರೆ ಸ್ಕರ್ವಿ ಬರುತ್ತದೆ. ಪಾಲಿಫಿನಾಲ್ ಸಿಗದಿದ್ದರೆ ಬರುವ ಅಂಥ ಒಂದು ಕಾಯಿಲೆ ಯಾರಿಗೂ ಕಾಣಲಿಲ್ಲ. ಸಂಶೋಧನೆ ಇಷ್ಟು ಕಷ್ಟವಾಗಿರುವುದಕ್ಕೆ ಇದೇ ಮೊದಲ ಕಾರಣ. ಪರಿಣಾಮ ಇದ್ದರೂ ಅದು ಸಣ್ಣದು, ನಿಧಾನದ್ದು. ಹೃದಯದ ಕಾಯಿಲೆಯೂ ಹತ್ತಾರು ವರ್ಷ ತೆಗೆದುಕೊಂಡು ಬೆಳೆಯುವಂಥದ್ದು.

ಆಂಟಿಆಕ್ಸಿಡೆಂಟ್ ಕಥೆ ಎಡವಿದ ಜಾಗ

ರಕ್ತದಲ್ಲಿ ಕೊಬ್ಬನ್ನು ಹೊತ್ತು ತಿರುಗುವ ಕಣಗಳಲ್ಲಿ ಎಲ್‌ಡಿಎಲ್ ಒಂದು. ‘ಕೆಟ್ಟ ಕೊಲೆಸ್ಟರಾಲ್’ ಎಂಬ ಹೆಸರು ಅದಕ್ಕೇ. ಅದು ರಕ್ತನಾಳದ ಗೋಡೆಯೊಳಗೆ ಸಿಕ್ಕಿಕೊಂಡು ಆಕ್ಸಿಡೀಕರಣಗೊಂಡರೆ, ಅಂದರೆ ಎಣ್ಣೆ ಕಮಟು ಹಿಡಿಯುವ ಹಾಗೆ ಕೆಟ್ಟರೆ, ರಕ್ಷಣಾ ಕಣಗಳು ಅದನ್ನು ನುಂಗಿ ಊದಿಕೊಳ್ಳುತ್ತವೆ. ಅಲ್ಲಿಂದ ಗೋಡೆಯಲ್ಲಿ ಗಡ್ಡೆಗಟ್ಟುವುದು ಶುರು. ಗಾಜಿನ ಕೊಳವೆಯಲ್ಲಿ ಎಲ್‌ಡಿಎಲ್‌ಗೆ ಪಾಲಿಫಿನಾಲ್ ಬೆರೆಸಿದರೆ ಈ ಕೆಡುವಿಕೆ ನಿಲ್ಲುತ್ತದೆ. ಹಾಗಾದರೆ ಮೈಯೊಳಗೂ ಅದೇ ಆಗಬೇಕಲ್ವಾ? 1990ರ ದಶಕದಲ್ಲಿ ಎಲ್ಲರಿಗೂ ಹಾಗೇ ಅನ್ನಿಸಿತು. ಆಹಾರಗಳಿಗೆ ಆಂಟಿಆಕ್ಸಿಡೆಂಟ್ ಅಂಕ ಕೊಡುವ ಪಟ್ಟಿಗಳು ಬಂದವು. ಒರಾಕ್ ಎಂಬ ಅಳತೆ ಜಾಹೀರಾತುಗಳಲ್ಲಿ ಮೆರೆಯಿತು.

ತೊಂದರೆ ಇದ್ದದ್ದು ಪ್ರಮಾಣದಲ್ಲಿ. ನಾವು ತಿಂದ ಪಾಲಿಫಿನಾಲ್ ರಕ್ತ ಸೇರುವಾಗ ಲೀಟರಿಗೆ ಒಂದು ಮೈಕ್ರೋಮೋಲ್ ತಲುಪುವುದೂ ಅಪರೂಪ. ಅದೇ ರಕ್ತದಲ್ಲಿ ಮೈ ತಾನೇ ಮಾಡಿಕೊಂಡ ಯೂರಿಕ್ ಆಮ್ಲ ನೂರಾರು ಪಟ್ಟು ಜಾಸ್ತಿ ಇರುತ್ತದೆ, ಅದೂ ಆಂಟಿಆಕ್ಸಿಡೆಂಟೇ. ತುಂಬಿದ ಕೆರೆಗೆ ಒಂದು ಚೊಂಬು ನೀರು ಸುರಿದ ಹಾಗೆ. ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಚೆನ್ನಾಗಿ ತೋರಿಸಿದರು. ಸೇಬು ತಿಂದ ಮೇಲೆ ರಕ್ತದ ಆಂಟಿಆಕ್ಸಿಡೆಂಟ್ ಶಕ್ತಿ ಏರುವುದು ನಿಜ. ಆದರೆ ಆ ಏರಿಕೆಗೆ ಕಾರಣ ಸೇಬಿನ ಪಾಲಿಫಿನಾಲ್ ಅಲ್ಲ. ಸೇಬಿನಲ್ಲಿರುವ ಫ್ರಕ್ಟೋಸ್ ಸಕ್ಕರೆ ಯೂರಿಕ್ ಆಮ್ಲವನ್ನು ಹೆಚ್ಚಿಸಿತ್ತು, ಅಳತೆಗೆ ಸಿಕ್ಕಿದ್ದು ಅದು.

ಇನ್ನೊಂದು ಕಡೆ, ಆಂಟಿಆಕ್ಸಿಡೆಂಟ್ ಎಂದೇ ಹೆಸರಾದ ವಿಟಮಿನ್ ಇ ಮಾತ್ರೆಯನ್ನು ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಾಲ್ಕು ವರ್ಷಕ್ಕೂ ಮೀರಿ ಪರೀಕ್ಷಿಸಿದರು. 2000ದಲ್ಲಿ ಫಲಿತಾಂಶ ಬಂತು. ಹೃದಯಕ್ಕೆ ಯಾವ ಲಾಭವೂ ಕಾಣಲಿಲ್ಲ. 2012ರಲ್ಲಿ ಅಮೆರಿಕದ ಕೃಷಿ ಇಲಾಖೆ ತನ್ನ ಒರಾಕ್ ಪಟ್ಟಿಯನ್ನೇ ಜಾಲತಾಣದಿಂದ ತೆಗೆದುಹಾಕಿತು. ಕೊಳವೆಯ ಅಂಕಕ್ಕೂ ಮನುಷ್ಯನ ಆರೋಗ್ಯಕ್ಕೂ ಸಂಬಂಧ ತೋರಿಸಲು ಆಗಿಲ್ಲ ಎಂಬುದೇ ಕಾರಣ. ಆದರೂ ‘ಆಂಟಿಆಕ್ಸಿಡೆಂಟ್ ತುಂಬಿದೆ’ ಎಂಬ ಮಾತು ಪೊಟ್ಟಣಗಳ ಮೇಲೆ ಇನ್ನೂ ಇದೆ. ಅದನ್ನು ನೋಡಿದಾಗೆಲ್ಲ ನನಗೆ ಬೇಸರವಾಗುತ್ತದೆ. ಏಕೆಂದರೆ ನಿಜವಾದ ಕಥೆ ಇದಕ್ಕಿಂತ ಚೆನ್ನಾಗಿದೆ.

ಮೈಯೊಳಗಿನ ದಾರಿ

ಕೋಕೋದಲ್ಲಿರುವ ಎಪಿಕ್ಯಾಟಿಚಿನ್ ಎಂಬ ಒಂದು ಫ್ಲೇವನಾಲ್ ಅಣುವಿನ ಹಿಂದೆ ಹೋಗೋಣ. ಇದು ಚಿಕ್ಕದು, ಸಣ್ಣ ಕರುಳಿನಲ್ಲೇ ಸ್ವಲ್ಪ ಮಟ್ಟಿಗೆ ಒಳಗೆ ಸೇರುತ್ತದೆ. ಮೈ ಇದನ್ನು ಹೊರಗಿನವನೆಂದೇ ನೋಡುತ್ತದೆ. ಕರುಳಿನ ಗೋಡೆ ಮತ್ತು ಲಿವರ್ ಸೇರಿ ಅದಕ್ಕೆ ಸಲ್ಫೇಟ್, ಗ್ಲುಕುರೋನಿಕ್ ಆಮ್ಲದಂಥ ಬಾಲಗಳನ್ನು ಅಂಟಿಸುತ್ತವೆ. ಬೇಗ ಮೂತ್ರದಲ್ಲಿ ಹೊರಹೋಗಲಿ ಅಂತ. ಕೆಲವೇ ಗಂಟೆಗಳಲ್ಲಿ ಅದು ರಕ್ತದಿಂದ ಮಾಯ. ಅಂದರೆ ರಕ್ತನಾಳ ಭೇಟಿಯಾಗುವುದು ಚಾಕೊಲೇಟಿನಲ್ಲಿದ್ದ ಅಣುವನ್ನಲ್ಲ, ಅದರ ವೇಷ ಬದಲಾದ ರೂಪವನ್ನು. ಕೊಳವೆಯ ಪ್ರಯೋಗಗಳಲ್ಲಿ ಬಹುಪಾಲು ಸೋತದ್ದು ಇಲ್ಲಿಯೇ. ಮೈಯಲ್ಲಿ ಎಂದೂ ಸಿಗದ ರೂಪವನ್ನು, ಮೈಯಲ್ಲಿ ಎಂದೂ ಇರದ ಪ್ರಮಾಣದಲ್ಲಿ ಜೀವಕೋಶದ ಮೇಲೆ ಸುರಿದಿದ್ದರು.

ದೊಡ್ಡ ಪಾಲಿಫಿನಾಲ್‌ಗಳ ಕಥೆ ಇನ್ನೂ ಬೇರೆ. ನಾವು ತಿನ್ನುವ ಒಟ್ಟು ಪಾಲಿಫಿನಾಲ್‌ನಲ್ಲಿ ನೂರಕ್ಕೆ ತೊಂಬತ್ತರಷ್ಟು ಅಥವಾ ಅದಕ್ಕೂ ಹೆಚ್ಚು ಸಣ್ಣ ಕರುಳಿನಲ್ಲಿ ಸೇರದೆ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಚಿಕ್ಕ ತುಂಡುಗಳನ್ನಾಗಿ ಮಾಡುತ್ತವೆ, ಆ ತುಂಡುಗಳು ರಕ್ತಕ್ಕೆ ಬರುತ್ತವೆ. ಯಾರ ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ಇದೆಯೋ ಅದರಂತೆ ಫಲ. ಸೋಯಾದ ಡೈಡ್ಜೀನ್‌ನಿಂದ ಈಕ್ವಾಲ್ ಎಂಬ ವಸ್ತು ಹುಟ್ಟಬೇಕು. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಅದನ್ನು ಮಾಡಬಲ್ಲರು, ಜಪಾನಿನಲ್ಲಿ ಅರ್ಧದಷ್ಟು ಜನ. ದಾಳಿಂಬೆ, ಅಕ್ರೋಟಿನಲ್ಲಿರುವ ಎಲಾಜಿಟ್ಯಾನಿನ್‌ಗಳದ್ದೂ ಹೀಗೆಯೇ. ಅವುಗಳಿಂದ ಯೂರೋಲಿಥಿನ್ ತಯಾರಿಸುವ ಶಕ್ತಿ ಕೆಲವರ ಕರುಳಿಗೆ ಇದೆ, ಕೆಲವರದಕ್ಕೆ ಇಲ್ಲ. ಒಂದೇ ಆಹಾರ ತಿಂದ ಇಬ್ಬರ ರಕ್ತದಲ್ಲಿ ಬೇರೆ ಬೇರೆ ವಸ್ತು ಹರಿಯುತ್ತಿರುತ್ತದೆ. ಎಲ್ಲರನ್ನೂ ಒಟ್ಟಿಗೆ ಸೇರಿಸಿ ಸರಾಸರಿ ತೆಗೆದರೆ ಪರಿಣಾಮ ಮಸುಕಾಗುವುದು ಸಹಜ.

ಗೋಡೆಗೆ ಹೋಗುವ ಸಂದೇಶ

ಇಷ್ಟು ಕಡಿಮೆ ಪ್ರಮಾಣದಲ್ಲಿ ಬಂದು, ಇಷ್ಟು ಬೇಗ ಹೋಗುವ ವಸ್ತು ಕೆಲಸ ಮಾಡುವುದಾದರೂ ಹೇಗೆ? ರಕ್ತನಾಳದ ಒಳಮೈಗೆ ಒಂದೇ ಒಂದು ಪದರ ಜೀವಕೋಶಗಳ ಹೊದಿಕೆ ಇದೆ. ಅದರ ಹೆಸರು ಎಂಡೋಥೀಲಿಯಂ. ರಕ್ತದ ಹರಿವು ಹೆಚ್ಚಾದಾಗ ಅದು ನೈಟ್ರಿಕ್ ಆಕ್ಸೈಡ್ ಅನಿಲವನ್ನು ಬಿಡುತ್ತದೆ, ಹೊರಗಿನ ಸ್ನಾಯು ಸಡಿಲವಾಗಿ ನಾಳ ಹಿಗ್ಗುತ್ತದೆ. ಈ ಅನಿಲದ ಪಾತ್ರ ಕಂಡುಹಿಡಿದ ರಾಬರ್ಟ್ ಫರ್ಚ್‌ಗಾಟ್, ಲೂಯಿಸ್ ಇಗ್ನಾರೋ ಮತ್ತು ಫೆರಿಡ್ ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ವಯಸ್ಸಾದಂತೆ, ಸಿಗರೇಟು ಸೇದಿದಂತೆ, ಸಕ್ಕರೆ ಕಾಯಿಲೆ ಬಂದಂತೆ ಎಂಡೋಥೀಲಿಯಂ ಸೋಮಾರಿಯಾಗುತ್ತದೆ. ಹೃದಯದ ಕಾಯಿಲೆಯ ತೀರ ಮೊದಲ ಹೆಜ್ಜೆ ಅದು.

ಇದನ್ನು ಮನುಷ್ಯರಲ್ಲಿ ನೋವಿಲ್ಲದೆ ಅಳೆಯಬಹುದು. ಬಿಪಿ ನೋಡುವಂಥ ಪಟ್ಟಿಯನ್ನು ತೋಳಿಗೆ ಬಿಗಿದು ಐದು ನಿಮಿಷ ರಕ್ತ ತಡೆಯುತ್ತಾರೆ. ಆಮೇಲೆ ಒಮ್ಮೆಲೇ ಬಿಡುತ್ತಾರೆ. ರಕ್ತ ನುಗ್ಗಿದಾಗ ನಾಳ ಎಷ್ಟು ಹಿಗ್ಗಿತು ಎಂದು ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾರೆ. ಫ್ಲೇವನಾಲ್ ಹೆಚ್ಚಿರುವ ಕೋಕೋ ಕುಡಿದ ಒಂದೆರಡು ಗಂಟೆಯಲ್ಲಿ ಈ ಹಿಗ್ಗುವಿಕೆ ಹೆಚ್ಚುತ್ತದೆ. 2006ರಲ್ಲಿ ಕೋಕೋ ಪಕ್ಕಕ್ಕಿಟ್ಟು ಬರೀ ಶುದ್ಧ ಎಪಿಕ್ಯಾಟಿಚಿನ್ ಕೊಟ್ಟು ನೋಡಿದರು. ಆಗಲೂ ಪರಿಣಾಮ ಹೆಚ್ಚುಕಡಿಮೆ ಅದೇ ಬಂತು. ಅಂದರೆ ಈ ಅಣು ಕೊಳೆ ಒರೆಸುವ ಬಟ್ಟೆಯಂತೆ ಕೆಲಸ ಮಾಡುತ್ತಿಲ್ಲ. ಅದು ಜೀವಕೋಶಕ್ಕೆ ಸಂದೇಶ ತಲುಪಿಸುತ್ತಿದೆ, ನೈಟ್ರಿಕ್ ಆಕ್ಸೈಡ್ ಹೆಚ್ಚು ಉಳಿಯುವಂತೆ ಮಾಡುತ್ತಿದೆ. ಸಂದೇಶಕ್ಕೆ ದೊಡ್ಡ ಪ್ರಮಾಣ ಬೇಕಿಲ್ಲ. ಹಾರ್ಮೋನ್‌ಗಳೂ ಅಷ್ಟೇ ತಾನೆ? ಈ ಸಾಕ್ಷ್ಯ ಎಷ್ಟು ಗಟ್ಟಿಯೆಂದರೆ, ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2012ರಲ್ಲಿ ಒಪ್ಪಿಗೆ ಕೊಟ್ಟಿತು: ದಿನಕ್ಕೆ 200 ಮಿಲಿಗ್ರಾಂ ಕೋಕೋ ಫ್ಲೇವನಾಲ್ ರಕ್ತನಾಳದ ಹಿಗ್ಗುವ ಗುಣ ಕಾಪಾಡಲು ನೆರವಾಗುತ್ತದೆ ಎಂದು ಹೇಳಬಹುದು.

ಬಿಪಿ ವಿಷಯದಲ್ಲಿ ಲಾಭ ಸಣ್ಣದು. ಕೋಕೋ ಬಗ್ಗೆ ನಡೆದ 35 ಪ್ರಯೋಗಗಳನ್ನು, ಸುಮಾರು 1,800 ಜನರ ಲೆಕ್ಕವನ್ನು, ಕಾಕ್ರೇನ್ ಸಂಸ್ಥೆ 2017ರಲ್ಲಿ ಒಟ್ಟು ಹಾಕಿತು. ಬಿಪಿ ಇಳಿದದ್ದು ಸರಾಸರಿ 1.8 ಮಿ.ಮೀ. ಮೊದಲೇ ಬಿಪಿ ಜಾಸ್ತಿ ಇದ್ದವರಲ್ಲಿ ಇನ್ನಷ್ಟು. ಬಹುತೇಕ ಪ್ರಯೋಗಗಳು ಕೆಲವೇ ವಾರಗಳವು.

ಆಲಿವ್ ಎಣ್ಣೆಯ ಒಂದು ಪ್ರಯೋಗ ನನಗೆ ತುಂಬ ಇಷ್ಟ, ಅದರ ಜಾಣತನಕ್ಕಾಗಿ. ಆಲಿವ್ ಎಣ್ಣೆ ಒಳ್ಳೆಯದು ಅಂದರೆ ಒಳ್ಳೆಯದಾಗಿರುವುದು ಅದರ ಕೊಬ್ಬೋ, ಪಾಲಿಫಿನಾಲೋ? ಯುರೋಪಿನ ಐದು ದೇಶಗಳಲ್ಲಿ 200 ಗಂಡಸರಿಗೆ ಮೂರು ಬಗೆಯ ಆಲಿವ್ ಎಣ್ಣೆಯನ್ನು ಒಂದಾದ ಮೇಲೊಂದರಂತೆ, ದಿನಕ್ಕೆ 25 ಮಿಲಿಲೀಟರ್, ಮೂರು ಮೂರು ವಾರ ಕೊಟ್ಟರು. ಮೂರರಲ್ಲೂ ಕೊಬ್ಬು ಹೆಚ್ಚುಕಡಿಮೆ ಒಂದೇ. ಪಾಲಿಫಿನಾಲ್ ಮಾತ್ರ ಕಡಿಮೆ, ನಡುವೆ, ಹೆಚ್ಚು. ಪ್ರತಿಯೊಬ್ಬರೂ ತಮಗೆ ತಾವೇ ಹೋಲಿಕೆ. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಪಾಲಿಫಿನಾಲ್ ಏರಿದ ಹಾಗೆ ಒಳ್ಳೆಯ ಕೊಲೆಸ್ಟರಾಲ್ ಎಚ್‌ಡಿಎಲ್ ಸ್ವಲ್ಪ ಸ್ವಲ್ಪವೇ ಏರಿತು, ಆಕ್ಸಿಡೀಕರಣಗೊಂಡ ಎಲ್‌ಡಿಎಲ್ ಇಳಿಯಿತು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬದಲಾವಣೆ ಕಂಡಾಗ ನಂಬಿಕೆ ಹುಟ್ಟುತ್ತದೆ.

ಎರಡು ಊರು, ಒಂದೇ ಟೀ

ಈಗ ದೊಡ್ಡ ಪ್ರಶ್ನೆ. ಹೃದಯಾಘಾತ ಕಡಿಮೆಯಾಗುತ್ತದೆಯಾ?

ನೆದರ್‌ಲೆಂಡ್ಸ್‌ನ ಜುಟ್‌ಫೆನ್ ಎಂಬ ಊರಿನಲ್ಲಿ 65ರಿಂದ 84 ವರ್ಷದ 805 ಗಂಡಸರನ್ನು ಐದು ವರ್ಷ ಗಮನಿಸಿದರು. ಅವರ ಆಹಾರದಲ್ಲಿ ಕ್ವೆರ್ಸಿಟಿನ್‌ನಂಥ ಫ್ಲೇವನಾಯ್ಡ್ (ಪಾಲಿಫಿನಾಲ್‌ಗಳ ಒಂದು ಪಂಗಡ) ಎಷ್ಟು ಅಂತ ಲೆಕ್ಕ ಹಾಕಿದ್ದರು. ಅದರಲ್ಲಿ 61% ಟೀಯಿಂದ, 13% ಈರುಳ್ಳಿಯಿಂದ, 10% ಸೇಬಿನಿಂದ ಬರುತ್ತಿತ್ತು. ಅತಿ ಹೆಚ್ಚು ಸೇವಿಸಿದ ಗುಂಪಿನಲ್ಲಿ ಹೃದಯದ ಕಾಯಿಲೆಯಿಂದ ಸಾಯುವ ಅಪಾಯ, ಅತಿ ಕಡಿಮೆ ಸೇವಿಸಿದವರ ಅರ್ಧಕ್ಕಿಂತಲೂ ಕಡಿಮೆ ಇತ್ತು. 1993ರಲ್ಲಿ ಈ ವರದಿ ಬಂದಾಗ ಈ ಕ್ಷೇತ್ರಕ್ಕೆ ಜೀವ ಬಂತು.

ನಾಲ್ಕು ವರ್ಷದ ನಂತರ ಅದೇ ಸಂಶೋಧಕರು ವೇಲ್ಸ್‌ನ ಕೇರ್ಫಿಲಿ ಊರಿನ ಲೆಕ್ಕ ತೆಗೆದರು. 1,900 ಗಂಡಸರು, 14 ವರ್ಷ. ಇಲ್ಲೂ ಮುಖ್ಯ ಮೂಲ ಟೀಯೇ. ಈ ಬಾರಿ ಲಾಭದ ಸುಳಿವೇ ಇಲ್ಲ. ಹೆಚ್ಚು ಸೇವಿಸಿದವರಲ್ಲಿ ಒಟ್ಟು ಸಾವು ಜಾಸ್ತಿಯೇ ಇತ್ತು!

ಒಂದೇ ಎಲೆ, ಒಂದೇ ಅಣು. ಊರು ಬದಲಾದಾಗ ಉತ್ತರ ತಲೆಕೆಳಗಾದದ್ದು ಹೇಗೆ? ಹಾಲು ಕಾರಣವಿರಬಹುದು ಎಂದು ಕೆಲವರು ಊಹಿಸಿದರು. ವೇಲ್ಸ್‌ನಲ್ಲಿ ಟೀಗೆ ಹಾಲು ಹಾಕುತ್ತಾರೆ. 2007ರಲ್ಲಿ ಬರ್ಲಿನ್‌ನಲ್ಲಿ 16 ಹೆಂಗಸರ ಮೇಲೆ ನಡೆದ ಪ್ರಯೋಗದಲ್ಲಿ ಹಾಲು ಹಾಕಿದ ಟೀ ರಕ್ತನಾಳವನ್ನು ಹಿಗ್ಗಿಸಲಿಲ್ಲ ಎಂಬುದೂ ನಿಜ. ಆದರೆ ಹಾಲಿನಿಂದ ಪಾಲಿಫಿನಾಲ್ ಹೀರಿಕೆ ಕುಗ್ಗುವುದಿಲ್ಲ ಎಂದು ಹೇಳಿದ ಪ್ರಯೋಗಗಳೂ ಇವೆ. ನನಗೆ ಹೆಚ್ಚು ಸರಿ ಅನ್ನಿಸುವ ವಿವರಣೆ ಬೇರೆ. ನೆದರ್‌ಲೆಂಡ್ಸ್‌ನಲ್ಲಿ ಹೆಚ್ಚು ಟೀ ಕುಡಿಯುವವರು ಆರೋಗ್ಯದ ಬಗ್ಗೆ ಕಾಳಜಿ ಇದ್ದವರು. ಕೇರ್ಫಿಲಿಯಲ್ಲಿ ಹೆಚ್ಚು ಟೀ ಕುಡಿದವರು ಹೆಚ್ಚು ಸಿಗರೇಟು ಸೇದುವವರು, ಹೆಚ್ಚು ಕೊಬ್ಬು ತಿನ್ನುವವರು. ನಾವು ಟೀ ಅಳೆಯುತ್ತಿದ್ದೇವೆ ಎಂದುಕೊಂಡೆವು. ನಿಜಕ್ಕೂ ಅಳೆದದ್ದು ಬದುಕಿನ ರೀತಿಯನ್ನು. ಲೆಕ್ಕದಲ್ಲಿ ಸಿಗರೇಟು, ಆದಾಯ, ತೂಕ ಎಲ್ಲವನ್ನೂ ಸರಿದೂಗಿಸಲು ನೋಡುತ್ತಾರೆ. ಪೂರ್ತಿ ಸರಿದೂಗುವುದಿಲ್ಲ.

ಇನ್ನೊಂದು ತೊಡಕು ನೆನಪಿನದ್ದು. ಕಳೆದ ತಿಂಗಳು ಎಷ್ಟು ಸೇಬು ತಿಂದಿರಿ? ಯಾರಿಗೆ ನೆನಪಿರುತ್ತದೆ! ನೆನಪಿದ್ದರೂ, ಒಂದು ಸೇಬಿಗೂ ಇನ್ನೊಂದಕ್ಕೂ ಪಾಲಿಫಿನಾಲ್‌ನಲ್ಲಿ ಬಹಳ ವ್ಯತ್ಯಾಸ. ಅದಕ್ಕಾಗಿ ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಕೇಳುವುದನ್ನು ಬಿಟ್ಟು, ಮೂತ್ರದಲ್ಲಿ ಫ್ಲೇವನಾಲ್‌ನ ಗುರುತು ಹುಡುಕಿದರು. 25,618 ಜನ. 2020ರಲ್ಲಿ ಬಂದ ಫಲಿತಾಂಶದಲ್ಲಿ, ಅತಿ ಹೆಚ್ಚು ಫ್ಲೇವನಾಲ್ ಇದ್ದ ಹತ್ತನೇ ಒಂದು ಭಾಗಕ್ಕೂ ಅತಿ ಕಡಿಮೆ ಇದ್ದ ಹತ್ತನೇ ಒಂದು ಭಾಗಕ್ಕೂ ಮೇಲಿನ ಬಿಪಿಯಲ್ಲಿ ವ್ಯತ್ಯಾಸ ಗಂಡಸರಲ್ಲಿ 1.9, ಹೆಂಗಸರಲ್ಲಿ 2.5 ಮಿ.ಮೀ. ಕೋಕೋ ಪ್ರಯೋಗಗಳ ಸಂಖ್ಯೆಗೆ ಇದು ಎಷ್ಟು ಹತ್ತಿರ ನೋಡಿ. ಬೇರೆ ಬೇರೆ ದಾರಿಯಲ್ಲಿ ಹೋದವರು ಒಂದೇ ಜಾಗಕ್ಕೆ ಬಂದು ಸೇರಿದಾಗ ನನಗೆ ಧೈರ್ಯ ಬರುತ್ತದೆ.

ರೆಡ್ ವೈನಿನಲ್ಲಿರುವ ರೆಸ್ವೆರಾಟ್ರಾಲ್ ಎಂಬ ಪಾಲಿಫಿನಾಲ್ ಬಗ್ಗೆ ಸ್ವಲ್ಪದರಲ್ಲೇ ಮುಗಿಸುತ್ತೇನೆ. ವೈನಿನಲ್ಲಿ ಅದು ಲೀಟರಿಗೆ ಕೆಲವೇ ಮಿಲಿಗ್ರಾಂ. ಪ್ರಯೋಗಗಳಲ್ಲಿ ಬಳಸುವುದು ಎಷ್ಟೋ ಸಲ ನೂರಾರು ಮಿಲಿಗ್ರಾಂ. ಇಟಲಿಯ ಕಿಯಾಂಟಿ ಪ್ರದೇಶದ 783 ಹಿರಿಯರ ಮೂತ್ರದಲ್ಲಿ ಅದನ್ನು ಅಳೆದು ಒಂಬತ್ತು ವರ್ಷ ಗಮನಿಸಿದಾಗ, ಸಾವಿಗಾಗಲಿ ಹೃದಯದ ಕಾಯಿಲೆಗಾಗಲಿ ಅದಕ್ಕೂ ಸಂಬಂಧ ಕಾಣಲಿಲ್ಲ. ಆಲ್ಕೋಹಾಲ್ ಬಿಪಿ ಏರಿಸುತ್ತದೆ ಎಂಬುದು ಮಾತ್ರ ಖಚಿತ.

ಎಣಿಸಿ ನೋಡಿದ ಪ್ರಯೋಗ

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಕಾಸ್ಮಾಸ್. ಅಮೆರಿಕದ 21,442 ಹಿರಿಯರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 500 ಮಿಲಿಗ್ರಾಂ ಕೋಕೋ ಫ್ಲೇವನಾಲ್ ಇರುವ ಕ್ಯಾಪ್ಸೂಲ್, ಇನ್ನೊಂದಕ್ಕೆ ನೋಡಲು ಅದೇ ಥರ ಇರುವ ಖಾಲಿ ಕ್ಯಾಪ್ಸೂಲ್. ಯಾರಿಗೆ ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಸುಮಾರು ಮೂರೂವರೆ ವರ್ಷ. ಇಲ್ಲಿ ನೆದರ್‌ಲೆಂಡ್ಸ್-ವೇಲ್ಸ್ ಗೊಂದಲಕ್ಕೆ ಜಾಗವಿಲ್ಲ.

2022ರ ಫಲಿತಾಂಶ: ಹೃದಯ ಮತ್ತು ರಕ್ತನಾಳದ ಒಟ್ಟು ಘಟನೆಗಳು ಫ್ಲೇವನಾಲ್ ಗುಂಪಿನಲ್ಲಿ 410, ಇನ್ನೊಂದರಲ್ಲಿ 456. ಹತ್ತು ಶೇಕಡಾ ಕಡಿಮೆ. ಆದರೆ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬಂದಿರಬಹುದು, ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ. ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದಾದ ಸಾವುಗಳನ್ನು ಮಾತ್ರ ತೆಗೆದುಕೊಂಡರೆ 27% ಇಳಿಕೆ, ಅದು ಗೆರೆ ದಾಟಿತು. ಆದರೆ ಸಾವು ಈ ಪ್ರಯೋಗದ ಮುಖ್ಯ ಪ್ರಶ್ನೆ ಆಗಿರಲಿಲ್ಲ. ಹಲವು ಉಪಪ್ರಶ್ನೆ ಕೇಳಿದರೆ ಒಂದಕ್ಕೆ ಸುಮ್ನೆ ಅದೃಷ್ಟದಿಂದ ಒಳ್ಳೆಯ ಉತ್ತರ ಬರಬಹುದು. ಪ್ರಯೋಗದ ಹಣದಲ್ಲಿ ಒಂದು ಪಾಲು ಚಾಕೊಲೇಟ್ ತಯಾರಿಸುವ ಮಾರ್ಸ್ ಕಂಪನಿಯ ವಿಭಾಗವೊಂದರಿಂದ ಬಂದಿತ್ತು, ನಾರ್ಫೋಕ್ ಅಧ್ಯಯನಕ್ಕೂ ಆ ಕಂಪನಿಯ ಬೆಂಬಲವಿತ್ತು. ಹಾಗೆಂದು ಫಲಿತಾಂಶ ಸುಳ್ಳಾಗುವುದಿಲ್ಲ. ಓದುವಾಗ ಗೊತ್ತಿರಬೇಕು, ಅಷ್ಟೇ. ನನ್ನ ಮಟ್ಟಿಗೆ ಇದು ‘ಹೌದು’ ಅಲ್ಲ, ‘ಇಲ್ಲ’ವೂ ಅಲ್ಲ. ಇನ್ನೊಂದು ಅಷ್ಟೇ ದೊಡ್ಡ ಪ್ರಯೋಗ ಬೇಕು ಎಂಬ ಗಟ್ಟಿ ಕಾರಣ.

ತಟ್ಟೆಗೆ ಬಂದರೆ

ಅಮೆರಿಕದ ಪೌಷ್ಟಿಕ ತಜ್ಞರ ಅಕಾಡೆಮಿ 2022ರಲ್ಲಿ ದಿನಕ್ಕೆ 400ರಿಂದ 600 ಮಿಲಿಗ್ರಾಂ ಫ್ಲೇವನಾಲ್ ಸೇವಿಸಿ ಎಂದು ಹೇಳಿತು. ಟೀ, ಸೇಬು, ಬೆರ್ರಿ, ಕೋಕೋದಂಥ ಆಹಾರದಿಂದ, ಮಾತ್ರೆಯಿಂದಲ್ಲ ಎಂದು ಬಿಡಿಸಿ ಹೇಳಿತು. ಆದರೆ ಆಹಾರದ ಹೆಸರು ನೋಡಿದರೆ ಸಾಲದು, ಅದಕ್ಕೆ ಏನು ಮಾಡಿದ್ದಾರೆ ಅಂತಲೂ ನೋಡಬೇಕು. ಕೋಕೋ ಪುಡಿಯ ಕಹಿ ತೆಗೆದು ಬಣ್ಣ ಗಾಢವಾಗಿಸಲು ಕ್ಷಾರ ಹಾಕುತ್ತಾರೆ, ಆಗ ಫ್ಲೇವನಾಲ್‌ನ ದೊಡ್ಡ ಪಾಲು ಹೋಗಿಬಿಡುತ್ತದೆ. ಚಾಕೊಲೇಟಿನ ಮೇಲೆ 70% ಎಂದಿದ್ದರೆ ಅದು ಒಟ್ಟು ಕೋಕೋ ಲೆಕ್ಕ, ಫ್ಲೇವನಾಲ್ ಲೆಕ್ಕವಲ್ಲ. ಇನ್ನೂ ಸ್ವಾರಸ್ಯದ ಸಂಗತಿ ಬಾಳೆಹಣ್ಣಿನದು. ಕತ್ತರಿಸಿದ ಹಣ್ಣನ್ನು ಕಪ್ಪಾಗಿಸುವ ಒಂದು ಕಿಣ್ವ ಬಾಳೆಹಣ್ಣಿನಲ್ಲಿ ತುಂಬ ಇದೆ, ಅದು ಫ್ಲೇವನಾಲ್ ಅನ್ನೂ ಕೆಡಿಸುತ್ತದೆ. ಫ್ಲೇವನಾಲ್ ಅನ್ನು ಬಾಳೆಹಣ್ಣಿನ ಸ್ಮೂದಿಯ ಜೊತೆ ಕೊಟ್ಟಾಗ ರಕ್ತಕ್ಕೆ ಸೇರಿದ್ದು, ಬರೀ ಕ್ಯಾಪ್ಸೂಲ್ ನುಂಗಿದಾಗ ಸೇರಿದ್ದಕ್ಕಿಂತ 84% ಕಡಿಮೆ ಎಂದು 2023ರ ಒಂದು ಸಣ್ಣ ಪ್ರಯೋಗ ತೋರಿಸಿತು. ಬಾಳೆಹಣ್ಣು ಕೆಟ್ಟದ್ದೇನಲ್ಲ. ಬೆರ್ರಿಗಳ ಜೊತೆ ಸೇರಿಸಿ ರುಬ್ಬದಿದ್ದರೆ ಆಯಿತು.

ಕ್ಯಾಪ್ಸೂಲ್ ಬೇರೆಯೇ ಮಾತು. ಗ್ರೀನ್ ಟೀ ಸಾರದ ಮಾತ್ರೆಗಳಲ್ಲಿ ಇಜಿಸಿಜಿ ಎಂಬ ಪಾಲಿಫಿನಾಲ್ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರ್‌ಗೆ ಪೆಟ್ಟು ಬೀಳುವ ಲಕ್ಷಣ ಕಾಣುತ್ತದೆ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ಕಬ್ಬಿಣದ ಅಂಶ ಕಡಿಮೆ ಇರುವವರು ಊಟದ ಜೊತೆಗೇ ಕಡು ಟೀ ಕುಡಿಯಬಾರದು. ಜೊಲ್ಲಿನ ಪ್ರೋಟೀನನ್ನು ಹಿಡಿದ ಅಣುಗಳೇ ಆಹಾರದ ಕಬ್ಬಿಣವನ್ನೂ ಹಿಡಿದುಕೊಳ್ಳುತ್ತವೆ. ಒಂದೆರಡು ಗಂಟೆ ಬಿಟ್ಟು ಕುಡಿಯಿರಿ. ಇನ್ನು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಒಂದು ಲೆಕ್ಕ. ಕೋಕೋ ಇಳಿಸಿದ್ದು ಸರಾಸರಿ 2 ಮಿ.ಮೀ. ಒಳಗೆ. ಒಂದು ಸಾಮಾನ್ಯ ಬಿಪಿ ಮಾತ್ರೆ ಇಳಿಸುವುದು ಸುಮಾರು 9 ಮಿ.ಮೀ. ಸೇಬು ತಿನ್ನಿ, ಟೀ ಕುಡಿಯಿರಿ, ಆದರೆ ಡಾಕ್ಟರನ್ನು ಕೇಳದೆ ಆ ಮಾತ್ರೆಯನ್ನು ಒಂದು ದಿನವೂ ಬಿಡಬೇಡಿ.